ತನ್ನಷ್ಟಕ್ಕೆ ತಾನಿರುವ ಮಗು: ಆಟಿಸಂನ ಲಕ್ಷಣಗಳನ್ನು ಲೋಕವು ಅರಿತ ಬಗೆ

ಯಾವ ಊರಿನ ಶಾಲೆಯಲ್ಲಿಯೇ ಆಗಲಿ, ಒಂದಲ್ಲ ಒಂದು ವರ್ಷ ಅಂಥದೊಂದು ಮಗು ಬಂದು ಕುಳಿತಿರುತ್ತದೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡದು. ಆದರೆ ಆಚೆಯ ಕೋಣೆಯಲ್ಲಿ ಯಾರೋ ಮಿಠಾಯಿಯ ಕಾಗದ ಬಿಡಿಸಿದ ಸದ್ದು ಅದಕ್ಕೆ ಕೇಳಿಸಿರುತ್ತದೆ. ಒಡನಾಡಿಗಳ ಆಟಕ್ಕೆ ಸೇರದು. ಬಳಪದ ಚೂರುಗಳನ್ನು ಒಂದರ ಹಿಂದೊಂದು ಸಾಲಾಗಿ ಇರಿಸುವುದರಲ್ಲಿ ಹೊತ್ತು ಕಳೆಯುತ್ತದೆ. ಆ ಸಾಲಿನಿಂದ ಒಂದನ್ನು ಯಾರಾದರೂ ಕದಲಿಸಿದರೆ ಮನೆಯೇ ಕುಸಿದುಬಿದ್ದಂತೆ ಅಳುತ್ತದೆ. ಇಂಥ ಮಗುವಿಗೆ ನಾವು ಕೊಟ್ಟಿರುವ ಹೆಸರುಗಳು ಅನೇಕ. ಮೊಂಡ, ಪೆದ್ದ, ಸೊಕ್ಕಿನವನು ಎಂಬವು ಶಾಲೆಯವು. ಗ್ರಹಚಾರ, ಸೋಂಕು ಎಂಬವು ಹಿರಿಯರವು. ತಾಯಿ ಸರಿಯಾಗಿ ಸಾಕಲಿಲ್ಲವೆಂಬುದು ನೆರೆಹೊರೆಯ ಮಾತು.

ಈಗಿನ ವೈದ್ಯಶಾಸ್ತ್ರವು ಈ ಸ್ಥಿತಿಯನ್ನು ಆಟಿಸಂ ಎಂದು ಕರೆಯುತ್ತದೆ. ಇದು ಜ್ವರ ನೆಗಡಿಗಳಂತೆ ಹೊರಗಿನಿಂದ ತಗಲುವ ರೋಗವಲ್ಲ. ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಒಂದು ಭೇದವಾಗಿದ್ದು, ಹುಟ್ಟಿನೊಡನೆ ಬಂದು ಬಾಳಿನುದ್ದಕ್ಕೂ ಇರತಕ್ಕದ್ದು. ಇತರರೊಡನೆ ಬೆರೆಯುವ ರೀತಿ ಬೇರೆಯಾಗಿರುವುದು. ಮಾತು ತಡವಾಗಿ ಬರುವುದು, ಬಾರದೆಯೂ ಇರುವುದು, ಬಂದರೂ ವಿಲಕ್ಷಣವಾಗಿರುವುದು. ಒಂದೇ ಕೆಲಸವನ್ನು ಒಂದೇ ರೀತಿಯಾಗಿ ಮತ್ತೆ ಮತ್ತೆ ಮಾಡಬೇಕೆಂಬ ಹಟ. ಸದ್ದು, ಬೆಳಕು, ಸ್ಪರ್ಶ, ವಾಸನೆಗಳು ಮಿತಿಮೀರಿ ತಾಗುವುದು ಅಥವಾ ತಾಗಬೇಕಾದಷ್ಟು ತಾಗದಿರುವುದು. ಇವು ಅದರ ಸಾಮಾನ್ಯ ಲಕ್ಷಣಗಳು. ಈ ಪಟ್ಟಿಯು ಇಂದು ಆಸ್ಪತ್ರೆಯ ಗೋಡೆಯ ಮೇಲೂ ಓದಲು ಸಿಕ್ಕುತ್ತದೆ. ಆದರೆ ಇದು ಒಮ್ಮೆಗೇ ಸಿದ್ಧವಾದ ಪಟ್ಟಿಯಲ್ಲ. ಒಂದೊಂದು ಲಕ್ಷಣವನ್ನೂ ಯಾರೋ ಒಬ್ಬರು ಒಂದು ಮಗುವಿನ ಬಳಿ ಕುಳಿತು ಕಂಡಿದ್ದಾರೆ. ಆ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಮಗುವಿನ ಬಳಿ ಬಹುಕಾಲ ಕುಳಿತು ನೋಡಿದವರು ಹೇಳಿದ್ದು ಬಹುಮಟ್ಟಿಗೆ ಇಂದಿಗೂ ನಿಂತಿದೆ. ಮಗುವನ್ನು ಬಿಟ್ಟು ಅದರ ತಾಯಿಯ ಕಡೆಗೆ ಬೆರಳು ತೋರಿದವರು ಹೇಳಿದ್ದು ನಿಲ್ಲಲಿಲ್ಲ; ಆದರೆ ಬಿದ್ದುಹೋಗುವ ಮುನ್ನ ಅದು ಎಷ್ಟೋ ಮನೆಗಳ ನೆಮ್ಮದಿಯನ್ನು ಸುಟ್ಟಿತು.

1800ನೆಯ ಇಸವಿಯ ಜನವರಿಯಲ್ಲಿ, ಫ್ರಾನ್ಸ್ ದೇಶದ ಅವೇರಾನ್ ಪ್ರಾಂತದ ಒಂದು ಹಳ್ಳಿಗೆ ಕಾಡಿನಿಂದ ಒಬ್ಬ ಹುಡುಗನು ಬಂದನು. ವಯಸ್ಸು ಹನ್ನೊಂದು ಹನ್ನೆರಡಿರಬಹುದು. ಮೈಮೇಲೆ ಬಟ್ಟೆಯಿಲ್ಲ, ಬಾಯಲ್ಲಿ ಮಾತಿಲ್ಲ. ಅವನನ್ನು ಪ್ಯಾರಿಸಿನ ಕಿವುಡು ಮೂಗರ ಶಾಲೆಗೆ ತಂದರು. ಆ ಕಾಲದ ಮಹಾವೈದ್ಯ ಪಿನೆಲನು ಇವನು ತಿದ್ದಲಾಗದ ಬುದ್ಧಿಹೀನನೆಂದು ತೀರ್ಪು ಕೊಟ್ಟನು. ಝಾಂ ಇಟಾರ್ ಎಂಬ ತರುಣ ವೈದ್ಯನು ಅದನ್ನು ಒಪ್ಪದೆ, ಐದು ವರ್ಷಗಳ ಕಾಲ ಹುಡುಗನ ಶಿಕ್ಷಣಕ್ಕೆ ತೊಡಗಿದನು. ಹುಡುಗನಿಗೆ ವಿಕ್ಟರ್ ಎಂದು ಹೆಸರಿಟ್ಟನು. 1801ರಲ್ಲಿ ಮತ್ತು 1806ರಲ್ಲಿ ಅವನು ಬರೆದ ವರದಿಗಳಲ್ಲಿ, ಬೆನ್ನ ಹಿಂದೆ ಪಿಸ್ತೂಲು ಹಾರಿಸಿದರೂ ಅಲುಗದ ಹುಡುಗನು ಅಕ್ರೋಟು ಒಡೆದ ಸದ್ದಿಗೆ ತಟ್ಟನೆ ತಿರುಗಿದ ಪ್ರಸಂಗವಿದೆ. ಕಿವಿ ಕೇಳಿಸುತ್ತಿತ್ತು, ಆದರೆ ಯಾವ ಸದ್ದು ಮುಖ್ಯವೆಂಬ ವಿಷಯದಲ್ಲಿ ಅವನಿಗೂ ಲೋಕಕ್ಕೂ ಒಪ್ಪಂದವಿರಲಿಲ್ಲ. ಹಾಲು ಎಂಬರ್ಥದ ಒಂದು ಫ್ರೆಂಚ್ ಮಾತನ್ನು ಅವನು ಕಲಿತನು. ಕಲಿತರೂ ಹಾಲು ಬೇಕೆಂದು ಕೇಳುವುದಕ್ಕೆ ಅದನ್ನು ಬಳಸಲಿಲ್ಲ. ಹಾಲು ಎದುರಿಗೆ ಬಂದಾಗ ಸಂತೋಷದಿಂದ ಉಚ್ಚರಿಸುತ್ತಿದ್ದನು. ಮಾತು ಬರುವುದು ಬೇರೆ, ಮಾತಿನಿಂದ ಇನ್ನೊಬ್ಬರನ್ನು ತಲುಪುವುದು ಬೇರೆ ಎಂಬ ಸೂಕ್ಷ್ಮವನ್ನು ಇಟಾರನು ಅಂದೇ ಗುರುತಿಸಿದ್ದನೆಂಬುದು ಗಮನಾರ್ಹ. ವಿಕ್ಟರನಿಗೆ ಇದ್ದದ್ದು ಆಟಿಸಂ ಹೌದೋ ಅಲ್ಲವೋ ಎಂಬುದು ವಿದ್ವಾಂಸರ ನಡುವೆ ಇಂದಿಗೂ ತೀರದ ವಾದ. ಅದು ಹೇಗೇ ಇರಲಿ, ಇಟಾರನು ನಿರಾಶನಾಗಿ ಕೈಬಿಟ್ಟ ಮೇಲೂ, 1828ರಲ್ಲಿ ವಿಕ್ಟರನು ತೀರಿಕೊಳ್ಳುವ ತನಕ ಅವನನ್ನು ನೋಡಿಕೊಂಡವಳು ಗೆರಾನ್ ಎಂಬ ಸಾಮಾನ್ಯ ಹೆಂಗಸು. ಅವಳು ಕಂಡದ್ದನ್ನು ಯಾರೂ ಬರೆದಿಡಲಿಲ್ಲ.

'ಆಟಿಸಂ' ಎಂಬ ಪದವು ಹುಟ್ಟಿದ್ದು ಇಟಾರನ ವರದಿಗಳಿಗೆ ಸುಮಾರು ನೂರು ವರ್ಷಗಳ ತರುವಾಯ, ಅದೂ ಬೇರೊಂದು ಕಾಯಿಲೆಯ ಪ್ರಸ್ತಾಪದಲ್ಲಿ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರನು 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸ್ಕಿಜೋಫ್ರೇನಿಯಾ ಎಂಬ ಚಿತ್ತವಿಕಾರಕ್ಕೆ ಒಳಗಾದ ವಯಸ್ಕರು ಹೊರಲೋಕವನ್ನು ತೊರೆದು ತಮ್ಮೊಳಗೇ ಮುಳುಗುವುದನ್ನು ಸೂಚಿಸಲು, 'ತಾನು' ಎಂಬ ಅರ್ಥದ ಗ್ರೀಕ್ ಶಬ್ದದಿಂದ ಅದನ್ನು ಕಟ್ಟಿದನು. ನಮ್ಮವರು ಈಚೆಗೆ ಬಳಸುತ್ತಿರುವ 'ಸ್ವಲೀನತೆ' ಎಂಬುದು ಅದರ ಸಂಸ್ಕೃತ ರೂಪ. ಶಬ್ದವೇನೋ ಸುಂದರವಾಗಿದೆ. ಆದರೆ ಮಗುವು ಯೋಗಿಯಂತೆ ಬೇಕೆಂದೇ ತನ್ನಲ್ಲಿ ಲೀನವಾಗಿದೆ ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆಂದು ನನ್ನ ಅಳುಕು. ಆದುದರಿಂದ ಈ ಲೇಖನದಲ್ಲಿ ಆಟಿಸಂ ಎಂದೇ ಬರೆದಿದ್ದೇನೆ.

ಮಕ್ಕಳಲ್ಲಿ ಈ ಲಕ್ಷಣಗಳನ್ನು ಮೊದಲು ಒಟ್ಟಾಗಿ ಕಂಡು ಬರೆದವರು ಯಾರು? ಬಹುಕಾಲದವರೆಗೆ ಎಲ್ಲ ಗ್ರಂಥಗಳೂ ಅಮೇರಿಕೆಯ ಕ್ಯಾನರನ ಹೆಸರನ್ನು ಹೇಳುತ್ತಿದ್ದವು. ಆದರೆ ಅವನಿಗಿಂತ ಹದಿನೆಂಟು ವರ್ಷ ಮೊದಲೇ, 1925ರಲ್ಲಿ, ಮಾಸ್ಕೋ ನಗರದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆಯು ಆರು ಮಂದಿ ಹುಡುಗರ ವಿಷಯದಲ್ಲಿ ರಷ್ಯನ್ ಭಾಷೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದ್ದರು. ಮರುವರ್ಷ ಅದು ಜರ್ಮನ್ ಭಾಷೆಯಲ್ಲಿಯೂ ಬಂದಿತು. ಅವರ ಆಸ್ಪತ್ರೆಗೆ ಶಾಲೆಯೂ ಸೇರಿದ್ದಿತು. ಚೀಟಿ ಬರೆದು ಕಳುಹಿಸುವ ಬದಲು ಹುಡುಗರನ್ನು ಬಹುಕಾಲ ಹತ್ತಿರದಲ್ಲಿಯೇ ಇರಿಸಿಕೊಂಡು ನೋಡಿದರು. ಒಡನಾಡಿಗಳಿಂದ ದೂರವಿರುವುದು, ಏರಿಳಿತವಿಲ್ಲದ ದನಿ, ಎಡವುವ ಅಂಗಚಲನೆ, ಒಂದೇ ವಿಷಯದ ಗೀಳು, ಸದ್ದು ವಾಸನೆಗಳನ್ನು ಸಹಿಸದಿರುವುದು, ಕೆಲವರಲ್ಲಿ ಸಂಗೀತದ ವಿಶೇಷ ಪ್ರತಿಭೆ, ಇವೆಲ್ಲವೂ ಅವರ ಬರಹದಲ್ಲಿವೆ. ತರುವಾಯ ಹುಡುಗಿಯರಲ್ಲಿ ಇದೇ ಸ್ಥಿತಿ ಹೇಗೆ ತೋರುತ್ತದೆಂದೂ ಬರೆದರು. ಹುಡುಗಿಯರಲ್ಲಿ ಈ ಲಕ್ಷಣಗಳು ಮರೆಯಾಗಿರುವುದರಿಂದ ಗುರುತಿಸುವವರಿಲ್ಲದೆ ಹೋಗುತ್ತವೆಂದು ಇಂದಿನ ವಿದ್ವಾಂಸರು ಹೇಳುತ್ತಿರುವಾಗ, ನೂರು ವರ್ಷದ ಹಿಂದಿನ ಈ ಬರಹವನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಇಷ್ಟಾದರೂ ಇಂಗ್ಲಿಷ್ ಬಲ್ಲ ವೈದ್ಯಲೋಕಕ್ಕೆ ಸುಖರೇವಾ ಅವರ ಪರಿಚಯವಾದದ್ದು 1996ರಲ್ಲಿ, ಸೂಲಾ ವುಲ್ಫ್ ಎಂಬ ಮನೋವೈದ್ಯೆ ಆ ಪ್ರಬಂಧವನ್ನು ಅನುವಾದಿಸಿದಾಗ. ಆ ವೇಳೆಗೆ ಮೂಲ ಲೇಖಕಿ ತೀರಿಕೊಂಡು ಹದಿನೈದು ವರ್ಷಗಳಾಗಿದ್ದವು. ಬಲವಿದ್ದವರ ಭಾಷೆಯಲ್ಲಿ ಬರೆಯದಿದ್ದರೆ ಕಂಡ ಸತ್ಯವೂ ಮೂಲೆಗುಂಪಾಗುತ್ತದೆಂಬುದನ್ನು ಗಡಿನಾಡಿನವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕ್ಯಾನರನ ಕಥೆ. ಲಿಯೋ ಕ್ಯಾನರನು 1894ರಲ್ಲಿ ಆಸ್ಟ್ರಿಯಾ ಸಾಮ್ರಾಜ್ಯದ ಗಡಿಯ ಗಲೀಷಿಯಾದಲ್ಲಿ ಯೆಹೂದಿ ಮನೆತನದಲ್ಲಿ ಹುಟ್ಟಿ, ಬರ್ಲಿನಿನಲ್ಲಿ ಓದಿ, 1924ರಲ್ಲಿ ಅಮೇರಿಕೆಗೆ ಹೋದವನು. ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗವನ್ನು ಕಟ್ಟಿದನು. 1938ರಲ್ಲಿ ಅವನಿಗೆ ಮಿಸಿಸಿಪ್ಪಿ ಪ್ರಾಂತದ ಒಬ್ಬ ವಕೀಲನಿಂದ 33 ಪುಟಗಳ ಬೆರಳಚ್ಚು ಪತ್ರವೊಂದು ಬಂದಿತು. ವಿಷಯ, ಆತನ ಐದು ವರ್ಷದ ಮಗ ಡೊನಾಲ್ಡ್. ಆ ಪತ್ರವು ಆಟಿಸಂ ಚರಿತ್ರೆಯ ಒಂದು ಮುಖ್ಯ ದಾಖಲೆಯೆಂದರೆ ತಪ್ಪಾಗದು. ಅದನ್ನು ಬರೆದವನು ವೈದ್ಯನಲ್ಲ, ತಂದೆ. ಮಗನು ಒಂಟಿಯಾಗಿರುವಾಗಲೇ ಅತ್ಯಂತ ಸಂತೋಷದಿಂದಿರುವನೆಂದೂ, ಎರಡೂವರೆ ವರ್ಷಕ್ಕೇ ಬೈಬಲಿನ ಕೀರ್ತನೆಯನ್ನು ಬಾಯಿಪಾಠ ಹೇಳಿದನೆಂದೂ, ಪಾತ್ರೆ ಮುಚ್ಚಳಗಳನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುವುದೇ ಅವನ ಆಟವೆಂದೂ, ಅದನ್ನು ತಡೆದರೆ ಸಹಿಸನೆಂದೂ ಆ ತಂದೆ ಬರೆದಿದ್ದನು.

1943ರಲ್ಲಿ ಕ್ಯಾನರನು ಡೊನಾಲ್ಡನೂ ಸೇರಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದನು. ಎಂಟು ಗಂಡು, ಮೂರು ಹೆಣ್ಣು. ಒಂಟಿತನದ ಒಲವು, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಹಂಬಲ, ಇವೆರಡನ್ನು ಅವನು ಮುಖ್ಯ ಲಕ್ಷಣಗಳೆಂದು ಕರೆದನು. ಮಾತಿನ ವಿಷಯದಲ್ಲಿ ಅವನು ಬರೆದದ್ದು ಪ್ರತಿಯೊಬ್ಬ ಉಪಾಧ್ಯಾಯರೂ ಓದತಕ್ಕದ್ದು. ಈ ಮಕ್ಕಳು ಕೇಳಿದ ಮಾತನ್ನು ಕೇಳಿದಂತೆಯೇ ಹಿಂದಿರುಗಿಸುತ್ತಾರೆ, ಕೆಲವೊಮ್ಮೆ ಆಗಲೇ, ಕೆಲವೊಮ್ಮೆ ದಿನಗಳು ಕಳೆದ ಮೇಲೆ. ಆದುದರಿಂದ 'ನಾನು' 'ನೀನು'ಗಳು ಅದಲು ಬದಲಾಗುತ್ತವೆ. ಹಸಿದ ಮಗು 'ನನಗೆ ಹಾಲು ಬೇಕು' ಎನ್ನದೆ, ತಾಯಿ ಯಾವ ಮಾತಿನಲ್ಲಿ ಕೇಳುತ್ತಿದ್ದಳೋ ಅದೇ ಮಾತಿನಲ್ಲಿ 'ನಿನಗೆ ಹಾಲು ಬೇಕೇ?' ಎನ್ನುತ್ತದೆ. ಶಬ್ದಕ್ಕೆ ಮೊದಲು ಕಲಿತ ಅರ್ಥವೇ ಅಂಟಿಕೊಳ್ಳುತ್ತದೆ. ಡೊನಾಲ್ಡನಿಗೆ 'ಹೌದು' ಎನ್ನುವುದನ್ನು ಕಲಿಸಲು ತಂದೆಯು, 'ಹೌದು ಎಂದರೆ ಹೆಗಲ ಮೇಲೆ ಕೂರಿಸಿಕೊಳ್ಳುತ್ತೇನೆ' ಎಂದಿದ್ದನಂತೆ. ಅಲ್ಲಿಂದ ಅನೇಕ ತಿಂಗಳು ಆ ಹುಡುಗನಿಗೆ 'ಹೌದು' ಎಂದರೆ ಹೆಗಲೇರಿಸಿಕೋ ಎಂದಷ್ಟೇ ಅರ್ಥ. ಕೈಯಲ್ಲಿರುವುದನ್ನು ಕೆಳಗಿಡು ಎಂದರೆ, ಎದುರಿಗೆ ಮೇಜಿದ್ದರೂ ನೆಲದ ಮೇಲೆಯೇ ಇಡುವನು. ಮಾತಿನ ಪ್ರಕಾರ ನೋಡಿದರೆ ಅವನೇ ಸರಿಯಲ್ಲವೇ?

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡುವುದು ಉಚಿತ. ಉಪಾಧ್ಯಾಯ ತರಬೇತಿಯ ಪ್ರಮಾಣಪತ್ರ ಪಡೆದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎರಡನೆಯ ತರಗತಿಗೆ ಬಂದ ಒಬ್ಬ ಹುಡುಗನನ್ನು 'ನಿನ್ನ ಹೆಸರೇನು?' ಎಂದು ಕೇಳಿದೆ. 'ನಿನ್ನ ಹೆಸರೇನು?' ಎಂದನು. ತರಗತಿ ನಕ್ಕಿತು. ಮತ್ತೆ ಕೇಳಿದೆ, ನನ್ನ ದನಿಯ ಏರಿಳಿತವೂ ಬಿಡದಂತೆ ಅದನ್ನೇ ಮರಳಿ ಹೇಳಿದನು. ಅಣಕಿಸುತ್ತಿದ್ದಾನೆಂದು ತಿಳಿದು, ಆ ದಿನವಿಡೀ ಅವನನ್ನು ಜಗಲಿಯಲ್ಲಿ ನಿಲ್ಲಿಸಿದೆ. ಮರುದಿನ ಅವನು ತರಗತಿಗೆ ಬಾರದೆ ತಾನಾಗಿಯೇ ಜಗಲಿಯ ಅದೇ ಜಾಗದಲ್ಲಿ ಹೋಗಿ ನಿಂತನು. ಅದನ್ನೂ ಹಟವೆಂದೇ ಬಗೆದೆ. ಕ್ಯಾನರನ ಹನ್ನೊಂದು ಮಕ್ಕಳ ವಿಷಯವನ್ನು ಓದಿದಾಗ ಆ ವರ್ಷ ಕಳೆದುಹೋಗಿತ್ತು. ಹುಡುಗನನ್ನು ಶಾಲೆಯಿಂದ ಬಿಡಿಸಿಯೂ ಆಗಿತ್ತು.

ಡೊನಾಲ್ಡನ ಕಥೆ ಮುಂದೆ ಹೋದ ರೀತಿಯು ಇನ್ನೂ ಸ್ವಾರಸ್ಯವಾಗಿದೆ. 1942ರಲ್ಲಿ ಅವನನ್ನು ಊರಿಗೆ ಹತ್ತು ಮೈಲಿ ದೂರದ ಒಬ್ಬ ಗೇಣಿದಾರ ದಂಪತಿಗಳ ಮನೆಯಲ್ಲಿ ಬಿಟ್ಟರು. 1945ರಲ್ಲಿ ಅಲ್ಲಿಗೆ ಹೋದ ಕ್ಯಾನರನು, ಯಾವ ಶಾಸ್ತ್ರವನ್ನೂ ಓದದ ಆ ರೈತರ ಜಾಣ್ಮೆಯನ್ನು ಕಂಡು ಬೆರಗಾದನು. ಹುಡುಗನಿಗೆ ಎಲ್ಲವನ್ನೂ ಅಳೆಯುವ ಗೀಳು. ಅವರು ಅವನ ಕೈಯಲ್ಲಿ ಬಾವಿ ತೋಡಿಸಿ ಎಷ್ಟು ಆಳವಾಯಿತೆಂದು ವರದಿ ಕೇಳಿದರು. ಸತ್ತ ಹಕ್ಕಿ ಹುಳುಗಳನ್ನು ಕೂಡಿಡುವ ಗೀಳು. ಅವುಗಳನ್ನು ಹೂಳಲು ಒಂದು ತುಂಡು ಜಾಗ ಕೊಟ್ಟು ಗುರುತು ನೆಡಲು ಹೇಳಿದರು. ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುವ ಗೀಳು. ಉಳುತ್ತಲೇ ಎಣಿಸು ಎಂದು ನೇಗಿಲನ್ನು ಕೈಗೆ ಕೊಟ್ಟರು. ಕ್ಯಾನರನ ಕಣ್ಣ ಮುಂದೆಯೇ ಹುಡುಗನು ಕುದುರೆಯನ್ನು ಹದವಾಗಿ ತಿರುಗಿಸುತ್ತ ಆರು ಉದ್ದನೆಯ ಸಾಲುಗಳನ್ನು ಉತ್ತನು. ಹತ್ತಿರದ ಹಳ್ಳಿಯ ಶಾಲೆಯೂ ಅವನ ವಿಚಿತ್ರ ನಡತೆಗಳನ್ನು ಸಹಿಸಿಕೊಂಡು ಪಾಠ ಹೇಳಿತು. ಮುಂದೆ ಡೊನಾಲ್ಡನು ಕಾಲೇಜಿನಲ್ಲಿ ಪದವಿ ಪಡೆದು, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ತನ್ನ ಊರಿನವರ ನಡುವೆಯೇ ಬಾಳಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡನು. 1971ರಲ್ಲಿ ಕ್ಯಾನರನು ಆ ಹನ್ನೊಂದು ಮಂದಿ ಏನಾದರೆಂದು ಹುಡುಕಿ ಬರೆದಿದ್ದಾನೆ. ಸರಕಾರದ ದೊಡ್ಡ ಆಶ್ರಯಾಲಯಗಳಿಗೆ ಸೇರಿಸಲ್ಪಟ್ಟವರು ಇದ್ದ ಹೊಳಪನ್ನೂ ಕಳೆದುಕೊಂಡರೆಂದು ಓದುವಾಗ ಮನಸ್ಸು ಕುಗ್ಗುತ್ತದೆ. ಲಕ್ಷಣಗಳು ಒಂದೇ, ಸಿಕ್ಕಿದ ಮನೆ ಬೇರೆ.

ಕ್ಯಾನರನ ಪ್ರಬಂಧವು ಹೊರಬಂದ ಮರುವರ್ಷ, 1944ರಲ್ಲಿ, ವಿಯೆನ್ನಾ ನಗರದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರನು ನಾಲ್ವರು ಹುಡುಗರ ವಿಷಯದಲ್ಲಿ ಬರೆದನು. ಇವರಿಗೆ ಮಾತಿನ ಕೊರತೆಯಿಲ್ಲ. ಅತಿಯಾಗಿ, ಪಂಡಿತರಂತೆ ಮಾತನಾಡುತ್ತಾರೆ. ತಮಗೆ ಪ್ರಿಯವಾದ ಒಂದು ವಿಷಯದಲ್ಲಿ ಅಗಾಧ ತಿಳಿವಳಿಕೆಯಿದೆ. ಎದುರಿನವನ ಮುಖಭಾವವನ್ನು ಮಾತ್ರ ಓದಲಾರರು. ಆಸ್ಪರ್ಗರನು ಇಂಥವರ ಶಿಕ್ಷಣದ ಬಗ್ಗೆ ಆಸ್ಥೆಯಿಂದ ಬರೆದಿದ್ದಾನೆಂದು ಬಹುಕಾಲ ಅವನನ್ನು ಮಕ್ಕಳ ರಕ್ಷಕನೆಂದು ಕೊಂಡಾಡಿದರು. ಆದರೆ ಹೆರ್ವಿಗ್ ಚೆಕ್ ಎಂಬ ಇತಿಹಾಸಕಾರನು ವಿಯೆನ್ನಾದ ಹಳೆಯ ಕಡತಗಳನ್ನು ಶೋಧಿಸಿ 2018ರಲ್ಲಿ ಬರೆದ ಪ್ರಬಂಧದಿಂದ ಬೇರೊಂದು ಮುಖ ಹೊರಬಿದ್ದಿದೆ. ನಾಜಿಗಳ ಆಳ್ವಿಕೆಯಲ್ಲಿ 'ಆಮ್ ಶ್ಪೀಗೆಲ್‌ಗ್ರುಂಡ್' ಎಂಬ ಸಂಸ್ಥೆಯಲ್ಲಿ, ಬದುಕಲು ಅನರ್ಹರೆಂದು ಎಣಿಸಲ್ಪಟ್ಟ 700ಕ್ಕೂ ಹೆಚ್ಚು ಮಕ್ಕಳು ಸತ್ತರು. ಅಲ್ಲಿಗೆ ಮಕ್ಕಳನ್ನು ಕಳುಹಿಸಿದವರಲ್ಲಿ ಆಸ್ಪರ್ಗರನೂ ಒಬ್ಬನು. ಪ್ರತಿಭೆಯುಳ್ಳ ಮಗುವಿಗೆ ಒಂದು ನ್ಯಾಯ, ಪ್ರತಿಭೆ ಕಾಣದ ಮಗುವಿಗೆ ಇನ್ನೊಂದು. ಆಟಿಸಂ ಇರುವ ಮಕ್ಕಳೆಲ್ಲರೂ ಗಣಿತದಲ್ಲಿಯೋ ಸಂಗೀತದಲ್ಲಿಯೋ ಅಸಾಧಾರಣರೆಂದು ಸಿನಿಮಾ ನೋಡಿ ಹೇಳುವವರು ಇಂದೂ ಇದ್ದಾರೆ. ಅಂಥ ಪ್ರತಿಭೆ ಕೆಲವರಲ್ಲಿ ಮಾತ್ರ ಇರುತ್ತದೆ. ಇಲ್ಲದವನಿಗೂ ಬೆಂಚಿನ ಮೇಲೆ ಜಾಗ ಬೇಕು.

ಈಗ ಈ ಚರಿತ್ರೆಯ ಕಹಿಯಾದ ಭಾಗಕ್ಕೆ ಬರಬೇಕು. ಕ್ಯಾನರನು ತನ್ನ 1943ರ ಪ್ರಬಂಧದ ಕೊನೆಯಲ್ಲಿ, ಈ ಮಕ್ಕಳು ಇಂಥ ಸ್ವಭಾವವನ್ನು ಹುಟ್ಟಿನಿಂದಲೇ ತಂದಿದ್ದಾರೆಂದು ಬರೆದಿದ್ದನು. ಆದರೆ ಅದೇ ಪ್ರಬಂಧದಲ್ಲಿ, ತಂದೆತಾಯಿಗಳು ಬಹಳ ಓದಿದವರೆಂದೂ ಹೃದಯದ ಬಿಸಿಯುಳ್ಳವರು ಅವರಲ್ಲಿ ವಿರಳವೆಂದೂ ಒಂದು ಮಾತನ್ನು ಸೇರಿಸಿದ್ದನು. ದೂರದ ಊರುಗಳಿಂದ ಖರ್ಚು ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಬರಬಲ್ಲವರು ಓದಿದವರೇ ಆಗಿರುವುದು ಸಹಜವೆಂದು ಅವನಿಗೆ ಹೊಳೆಯಲಿಲ್ಲ. 1949ರ ವೇಳೆಗೆ, ಈ ಮಕ್ಕಳು ಶೀತಪೆಟ್ಟಿಗೆಯಲ್ಲಿ ಇರಿಸಲ್ಪಟ್ಟಂತೆ ಬೆಳೆದವರೆಂಬ ಉಪಮೆಯು ಅವನ ಬರಹದಲ್ಲಿ ಬಂದಿತು. ಉಪಮೆಗಳಿಗೆ ಕಾಲು ಬೇಗ ಮೂಡುತ್ತದೆ. 'ಶೀತಪೆಟ್ಟಿಗೆಯ ತಾಯಿ' ಎಂಬ ಮಾತು ಪತ್ರಿಕೆಗಳಲ್ಲಿ ಹಬ್ಬಿತು. ವಿಯೆನ್ನಾದಲ್ಲಿ ಹುಟ್ಟಿ, ಡಾಖೌ, ಬೂಖನ್ವಾಲ್ಡ್ ಸೆರೆಶಿಬಿರಗಳ ಯಾತನೆಯನ್ನು ಉಂಡು, ಅಮೇರಿಕೆಗೆ ಬಂದು ಶಿಕಾಗೋದಲ್ಲಿ ಮಕ್ಕಳ ಶಾಲೆ ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮನು, 1967ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಮಕ್ಕಳನ್ನು ಸೆರೆಶಿಬಿರದ ಬಂದಿಗಳಿಗೆ ಹೋಲಿಸಿದನು. ಮಗುವು ಇಲ್ಲದಿದ್ದರೆ ಚೆನ್ನಾಗಿತ್ತೆಂಬ ತಂದೆತಾಯಿಗಳ ಒಳಬಯಕೆಯೇ ಮಗುವನ್ನು ಹೀಗೆ ಮಾಡುತ್ತದೆಂದು ಸಾಧಿಸಿದನು. ಹಾಗಾದರೆ ತಾಯಿಯು ಯಾರ ಸ್ಥಾನದಲ್ಲಿ ನಿಂತಳೆಂದು ವಾಚಕರೇ ಊಹಿಸಬಹುದು. ಮಗುವಿಗೆ ಮದ್ದು ತಾಯಿಯಿಂದ ದೂರವಿಡುವುದೇ ಎಂಬ ಬೋಧೆಯನ್ನು ನಂಬಿ ಮಕ್ಕಳನ್ನು ಒಪ್ಪಿಸಿ ಮನೆಗೆ ಮರಳಿದ ತಾಯಂದಿರಿದ್ದರು. ತಾನು ಹೆತ್ತ ಮಗುವಿನ ಸ್ಥಿತಿಗೆ ತನ್ನ ಎದೆಯ ಶೀತವೇ ಕಾರಣವೆಂದು ಓದಿ ತಿಳಿದವರೇ ಹೇಳುವಾಗ, ಇಲ್ಲವೆನ್ನುವ ಧೈರ್ಯ ಎಷ್ಟು ಮಂದಿಗೆ ಇದ್ದೀತು?

ಆ ಧೈರ್ಯವನ್ನು ತೋರಿದವನು ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞ. ಅಮೇರಿಕೆಯ ನೌಕಾಪಡೆಯಲ್ಲಿ ಅವನ ನೌಕರಿ. ಮನೆಯಲ್ಲಿ ಇಂಥದೇ ಮಗ. ಹೆಂಡತಿಯ ಪ್ರೀತಿಯನ್ನು ಕಣ್ಣಾರೆ ಕಂಡವನಿಗೆ ಶೀತಪೆಟ್ಟಿಗೆಯ ಸಿದ್ಧಾಂತ ನಂಬಿಕೆಗೆ ಬರಲಿಲ್ಲ. ಸಿಕ್ಕಿದ ಪ್ರಬಂಧಗಳನ್ನೆಲ್ಲ ಓದಿ, 1964ರಲ್ಲಿ ಒಂದು ಗ್ರಂಥವನ್ನು ಬರೆದು, ಆಟಿಸಂನ ಮೂಲವು ಮಿದುಳಿನ ರಚನೆಯಲ್ಲಿದೆಯೇ ಹೊರತು ತಾಯಿಯ ಮನಸ್ಸಿನಲ್ಲಿಲ್ಲವೆಂದು ವಾದಿಸಿದನು. ಅದಕ್ಕೆ ಮುನ್ನುಡಿ ಬರೆದುಕೊಟ್ಟವನು ಕ್ಯಾನರನೇ. 1969ರಲ್ಲಿ, ರಿಮ್ಲೆಂಡ್ ಮೊದಲಾದವರು ಕಟ್ಟಿದ್ದ ತಂದೆತಾಯಿಗಳ ಸಂಘದ ಸಭೆಯಲ್ಲಿ ವೃದ್ಧ ಕ್ಯಾನರನು ಎದ್ದುನಿಂತು, ಹೆತ್ತವರನ್ನು ಈ ಆರೋಪದಿಂದ ಬಿಡುಗಡೆ ಮಾಡಿದ್ದೇನೆಂದು ನ್ಯಾಯಾಧೀಶನ ಮಾತಿನಲ್ಲಿ ಸಾರಿದನು. ಆರೋಪಕ್ಕೆ ಬೀಜ ಬಿತ್ತಿದವರಲ್ಲಿ ತಾನೂ ಒಬ್ಬನೆಂಬುದನ್ನು ಅವನು ಅಷ್ಟು ಸ್ಪಷ್ಟವಾಗಿ ಹೇಳಲಿಲ್ಲವೆಂಬುದು ನನ್ನ ಕೊರಗು. 1977ರಲ್ಲಿ ಫೋಲ್‌ಸ್ಟೈನ್ ಮತ್ತು ರಟ್ಟರ್ ಎಂಬವರು ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದಾದ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡದಿಂದಾದ 10 ಜೋಡಿಗಳಲ್ಲಿ ಒಂದರಲ್ಲಿಯೂ ಇಬ್ಬರಿಗೂ ಇರಲಿಲ್ಲ. ಸಾಕಿದ ಕೈಗಳು ಒಂದೇ ಆಗಿರುವಾಗ ಇಂಥ ಅಂತರಕ್ಕೆ ವಂಶವಾಹಿಯೇ ಕಾರಣವಾಗಿರಬೇಕೆಂಬುದು ಇದರಿಂದ ತಿಳಿಯಿತು. ಲಸಿಕೆಯಿಂದ ಆಟಿಸಂ ಬರುತ್ತದೆಂದು 1998ರಲ್ಲಿ ಲಂಡನ್ನಿನಿಂದ ಎದ್ದ ಗಾಳಿಸುದ್ದಿಯನ್ನೂ ಇಲ್ಲಿಯೇ ಹೇಳಿಬಿಡಬಹುದು. ಅದರ ಆಧಾರ 12 ಮಕ್ಕಳ ಒಂದು ಪ್ರಬಂಧ. ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು.

ಕಾರಣದ ಜಗಳ ಹೀಗೆ ನಡೆಯುತ್ತಿರುವಾಗ ಕೆಲವರು ಸುಮ್ಮನೆ ಕೆಲಸ ಹಿಡಿದರು. ಲಂಡನ್ನಿನ ಸಿಬಿಲ್ ಎಲ್ಗರ್ ಎಂಬ ಉಪಾಧ್ಯಾಯಿನಿಯು 1962ರಲ್ಲಿ ತನ್ನ ಮನೆಯಲ್ಲಿಯೇ ಇಂಥ ಮಕ್ಕಳಿಗೆ ಪಾಠ ಆರಂಭಿಸಿದಳು. ಅದೇ ವರ್ಷ ತಂದೆತಾಯಿಗಳು ಕೂಡಿ ಒಂದು ಸಂಘ ಕಟ್ಟಿದರು. ಆ ಸಂಘವು ಈಲಿಂಗ್ ಎಂಬಲ್ಲಿ ತೆರೆದ ಶಾಲೆಗೆ ಎಲ್ಗರಳೇ ಮುಖ್ಯೋಪಾಧ್ಯಾಯಿನಿಯಾದಳು. ದಿನದ ಕ್ರಮ ಬದಲಾಗದಂತೆ ನೋಡಿಕೊಳ್ಳುವುದು, ಮಾತು ಕಡಿಮೆ ಮಾಡಿ ವಸ್ತುವನ್ನು ತೋರಿಸಿ ಕಲಿಸುವುದು ಅವಳ ಪದ್ಧತಿ. ಅವಳ ತರಬೇತಿ ಮಾಂಟೆಸೊರಿ ಪದ್ಧತಿಯದು. ಮಾಂಟೆಸೊರಿಯವರಾದರೋ ತಮ್ಮ ವಿಧಾನಕ್ಕೆ ಆಧಾರವನ್ನು ಇಟಾರನ ಮತ್ತು ಅವನ ಶಿಷ್ಯ ಸೆಗ್ವೆನನ ಗ್ರಂಥಗಳಿಂದ ಪಡೆದವರು. ಅವೇರಾನಿನ ಹುಡುಗನಿಗಾಗಿ ಮಾಡಿದ ಅಕ್ಷರಗಳು ನೂರಾರುವತ್ತು ವರ್ಷಗಳ ಮೇಲೆ ಲಂಡನ್ನಿನ ಅಂಥದೇ ಮಕ್ಕಳ ಕೈಗೆ ಹೀಗೆ ಸುತ್ತಿಬಂದವು. 1939ರಲ್ಲಿ ಮದ್ರಾಸಿಗೆ ಬಂದ ಮಾಂಟೆಸೊರಿಯವರು ನಮ್ಮ ದೇಶದ ಉಪಾಧ್ಯಾಯರಿಗೂ ತರಬೇತಿ ಕೊಟ್ಟಿದ್ದಾರೆ. ನಮ್ಮ ತರಬೇತಿಯ ಪುಸ್ತಕದಲ್ಲಿ ಅವರ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದೆವು; ಆ ಪದ್ಧತಿಯ ಬೇರು ಎಂಥ ಮಕ್ಕಳಲ್ಲಿತ್ತೆಂಬುದನ್ನು ಯಾರೂ ಹೇಳಲಿಲ್ಲ.

ಲಕ್ಷಣಗಳ ತಿಳಿವಳಿಕೆಯನ್ನು ವಿಸ್ತರಿಸಿದವರು ಲೋರ್ನಾ ವಿಂಗ್. ಮನೋವೈದ್ಯೆ, ಆಟಿಸಂ ಇರುವ ಮಗಳ ತಾಯಿ, ಆ ಸಂಘದ ಸ್ಥಾಪಕರಲ್ಲಿ ಒಬ್ಬರು. ಅಲ್ಲಿಯ ತನಕ ಕ್ಯಾನರನ ವರ್ಣನೆಗೆ ಚಾಚೂ ತಪ್ಪದೆ ಹೊಂದುವ ಮಗುವಿಗೆ ಮಾತ್ರ ಈ ಹೆಸರು ಸಲ್ಲುತ್ತಿತ್ತು. ವಿಂಗ್ ಮತ್ತು ಜೂಡಿತ್ ಗೂಲ್ಡ್ ಇಬ್ಬರೂ ಆಸ್ಪತ್ರೆಗೆ ಬಂದವರನ್ನಷ್ಟೇ ನೋಡದೆ, ಲಂಡನ್ನಿನ ಕ್ಯಾಂಬರ್ವೆಲ್ ಎಂಬ ಭಾಗದ ಮಕ್ಕಳನ್ನೇ ಹುಡುಕಿಕೊಂಡು ಹೋದರು. 1979ರಲ್ಲಿ ಅದರ ಫಲ ಪ್ರಕಟವಾಯಿತು. ಬೆರೆಯುವಿಕೆ, ಮಾತುಕತೆ, ಕಲ್ಪನೆ ಈ ಮೂರರಲ್ಲಿಯೂ ಕೊರತೆ ಒಟ್ಟೊಟ್ಟಿಗೆ ಕಾಣಿಸಿಕೊಳ್ಳುತ್ತದೆಂದೂ, 10,000 ಮಕ್ಕಳಲ್ಲಿ ಸುಮಾರು 21 ಮಂದಿ ಹೀಗಿದ್ದಾರೆಂದೂ ಗೊತ್ತಾಯಿತು. ಇವರೆಲ್ಲರೂ ದೂರ ನಿಲ್ಲುವವರಲ್ಲ. ದೂರ ನಿಲ್ಲುವವರು ಕೆಲವರು. ಕರೆದರೆ ಬಂದು ಸುಮ್ಮನೆ ಕೂರುವವರು ಕೆಲವರು. ಗುರುತಿಲ್ಲದವರ ಬಳಿಗೂ ತಾವಾಗಿ ಹೋಗಿ ಕೇಳಿದ್ದನ್ನೇ ಕೇಳುವವರು ಇನ್ನು ಕೆಲವರು. ಈ ಮೂರನೆಯವನು 'ಎಲ್ಲರೊಡನೆ ಮಾತನಾಡುತ್ತಾನಲ್ಲ, ಇವನಿಗೆಂಥ ಆಟಿಸಂ' ಎನ್ನಿಸಿಕೊಂಡು ಪಟ್ಟಿಯ ಹೊರಗೆ ಉಳಿಯುವವನು. 1981ರಲ್ಲಿ ವಿಂಗರು ಆಸ್ಪರ್ಗರನ ಜರ್ಮನ್ ಬರಹದ ಸಾರವನ್ನು ಇಂಗ್ಲಿಷಿಗೆ ತಂದು, ಇವೆಲ್ಲವೂ ಬೇರೆ ಬೇರೆ ಕಾಯಿಲೆಗಳಲ್ಲ, ಕಾಮನಬಿಲ್ಲಿನ ಬಣ್ಣಗಳಂತೆ ಒಂದರಲ್ಲೊಂದು ಕರಗುವ ಒಂದೇ ಹರಹು ಎಂಬ ತಿಳಿವಿಗೆ ದಾರಿ ಮಾಡಿದರು. ಅಮೇರಿಕೆಯ ಮನೋವೈದ್ಯರ ಕೈಪಿಡಿಯು 2013ರಲ್ಲಿ ಅದನ್ನೇ ಒಪ್ಪಿ, ಎಲ್ಲ ಒಳಹೆಸರುಗಳನ್ನೂ ಒಂದು ಹೆಸರಿನಡಿಯಲ್ಲಿ ತಂದಿತು. ಸದ್ದು ಸ್ಪರ್ಶಗಳ ಅತಿಸೂಕ್ಷ್ಮತೆಯು ಲಕ್ಷಣಗಳ ಪಟ್ಟಿಗೆ ಸೇರಿದ್ದೂ ಆಗಲೇ. ಸುಖರೇವಾ ಅದನ್ನು ಬರೆದು ಆಗ 88 ವರ್ಷಗಳು ಸಂದಿದ್ದವು.

ಈ ವೇಳೆಗೆ ಆಟಿಸಂ ಇರುವವರೇ ಬರೆಯತೊಡಗಿದ್ದರು. ಅಮೇರಿಕೆಯ ಟೆಂಪಲ್ ಗ್ರಾಂಡಿನ್ ಅವರ ಆತ್ಮಕಥೆ 1986ರಲ್ಲಿ ಬಂದಿತು. ಕಣ್ಣಿಗೆ ಕಣ್ಣು ಕೊಡದಿರುವುದು ತಿರಸ್ಕಾರದಿಂದಲ್ಲ, ನೋಟವನ್ನೂ ಮಾತನ್ನೂ ಒಮ್ಮೆಗೇ ತಾಳಲಾರದ್ದರಿಂದ. ಕೈ ಆಡಿಸುವುದು, ಮೈ ತೂಗುವುದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳುವ ಬಗೆ ಎಂದು ಇಂಥವರಲ್ಲಿ ಅನೇಕರು ಬರೆದ ಮೇಲೆ ಹೊರಗಿನವರಿಗೆ ಅರ್ಥವಾಯಿತು. ತಾನೂ ಆಟಿಸಂ ಉಳ್ಳವನಾದ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ನೇರವಾದ ಮಾತನ್ನು ಮುಂದಿಟ್ಟನು. ನಾವು ನಿಮ್ಮನ್ನು ಅರಿಯಲಾರೆವೆನ್ನುವಿರಿ. ನೀವು ನಮ್ಮನ್ನು ಅರಿತದ್ದೆಷ್ಟು? ಅವನ ವಾದದ ತಿರುಳು ಇದು. ನನ್ನ ಶಾಲೆಯ ಜಗಲಿಯನ್ನು ನೆನೆದರೆ ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ನಮ್ಮ ದೇಶದ ಮಾತು ಚಿಕ್ಕದು. 1991ರಲ್ಲಿ ದಿಲ್ಲಿಯಲ್ಲಿ ಮೆರಿ ಬರುವಾ ಎಂಬ ತಾಯಿ 'ಆಕ್ಷನ್ ಫಾರ್ ಆಟಿಸಂ' ಸಂಸ್ಥೆಯನ್ನು ಆರಂಭಿಸಿದರು. 1995ರ ಅಂಗವಿಕಲರ ಕಾಯಿದೆಯು ಏಳು ಬಗೆಗಳನ್ನು ಎಣಿಸಿತು. ಆಟಿಸಂ ಅದರಲ್ಲಿ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸದ ಕಾಯಿದೆಯಲ್ಲಿ ಹೆಸರು ಬಂದಿತು. 2016ರ ಕಾಯಿದೆಯ 21 ಬಗೆಗಳಲ್ಲಿ ಪೂರ್ಣವಾಗಿ ಸೇರಿತು. ಕಾಗದದ ಮೇಲೆ ಈಗ ಇಂಥ ಮಗುವಿಗೆ ನಮ್ಮ ಶಾಲೆಯಲ್ಲಿ ಎಲ್ಲರಷ್ಟೇ ಹಕ್ಕಿದೆ.

ಇನ್ನೊಂದು ವಿಷಯ ಉಳಿದಿದೆ, ಅದು ನಮ್ಮ ಕಡೆಗೇ ವಿಶೇಷವಾದದ್ದು. ಕಾಸರಗೋಡಿನ ನಮ್ಮ ಮನೆಗಳಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಕಚೇರಿಯಲ್ಲಿ ಮಲೆಯಾಳ. ಮಾತು ಬಾರದ ಮಗುವನ್ನು ಪೇಟೆಗೆ ಕರೆದೊಯ್ದ ತಾಯಿಗೆ ಮೊದಲು ಸಿಕ್ಕುವ ಉಪದೇಶ, 'ಮೂರು ಭಾಷೆಗಳಿಂದ ಮಗುವಿನ ತಲೆ ಕೆಟ್ಟಿದೆ. ಮನೆಮಾತನ್ನು ಬಿಟ್ಟು ಒಂದನ್ನೇ ಆಡಿರಿ' ಎಂಬುದು. ಇದು ಶೀತಪೆಟ್ಟಿಗೆಯ ಮಾತಿನ ತಂಗಿಯೇ ಸರಿ. ತಪ್ಪು ಪುನಃ ತಾಯಿಯ ಬಾಯಿಗೆ ಬರುತ್ತದೆ. ಹಲವು ಭಾಷೆಗಳನ್ನು ಕೇಳಿ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ. ಈ ಮಕ್ಕಳ ಮಾತಿಗೆ ಅದರಿಂದ ಹೆಚ್ಚಿನ ಹಾನಿಯಾಗುತ್ತದೆಂದೂ ಈವರೆಗಿನ ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬಾಕೆ ನನ್ನಲ್ಲಿಗೆ ಬಂದು, ವೈದ್ಯರ ಮಾತಿನಂತೆ ಆರು ತಿಂಗಳಿಂದ ಮಗನೊಡನೆ ತನಗೆ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮಾತನಾಡುತ್ತಿರುವುದಾಗಿಯೂ, ಲಾಲಿ ಹಾಡುವುದನ್ನೂ ನಿಲ್ಲಿಸಿರುವುದಾಗಿಯೂ ಹೇಳಿದಳು. 'ಹಾಡಬಹುದೇ ಟೀಚರೇ?' ಎಂದು ಕೇಳಿದಳು. ಹಾಡಿರಿ ಅಮ್ಮ ಎಂದೆ. ಆ ಹುಡುಗನು ಈಗ ನನ್ನ ತರಗತಿಯಲ್ಲಿದ್ದಾನೆ. ನಾನು ಕೇಳಿದ ಪ್ರಶ್ನೆಯನ್ನು ನನಗೇ ಕೇಳುತ್ತಾನೆ, ನಾನು ಉತ್ತರ ಹೇಳುತ್ತೇನೆ, ಉತ್ತರವನ್ನೂ ಹೇಳುತ್ತಾನೆ.